ಹೇಳಿದ್ದು ತಲೆಗೆ ಹತ್ತದಿದ್ದರೆ



ಮಹಾರಾಷ್ಟ್ರ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹೊಸ ಗುರುಗಳಿಂದ, ಶಿಕ್ಷಕಿ ಬಾಯಿಯವರಿಂದ ಬರುವ ಪತ್ರಗಳಲ್ಲಿ ಅಕ್ಷರ ಬೇರೆ ಬೇರೆ, ದುಗುಡ ಒಂದೇ. ‘ರಾತ್ರಿ ಕೂತು ಪಾಠ ತಯಾರಿ ಮಾಡಿಕೊಂಡು ಹೋಗುತ್ತೇನೆ. ತಿಳೀತಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಮರುದಿನ ಕೇಳಿದರೆ ಒಬ್ಬರಿಗೂ ಬರುವುದಿಲ್ಲ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಂತೂ ಮರಾಠಿ ಶಾಲೆಯ ಗಣಿತದಲ್ಲಿ ಹಿಂದೆಯೇ ಉಳಿಯುತ್ತವೆ. ನಾನು ಕಲಿಸುವುದು ಸರಿಯಿಲ್ಲವೋ, ಮಕ್ಕಳ ತಲೆ ಸರಿಯಿಲ್ಲವೋ?’

ಮಕ್ಕಳ ತಲೆ ಸರಿಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ದುಡಿಮೆಗೂ ಕುಂದಿಲ್ಲ. ಕೊರತೆ ಇರುವುದು ಪಾಠ ಕಟ್ಟುವ ರೀತಿಯಲ್ಲಿ. ಪಾಠಯೋಜನೆಯ ವಹಿಯಲ್ಲಿ ಉದ್ದೇಶ, ಸಾಧನ, ಮೌಲ್ಯಮಾಪನ ಎಂದು ಕಾಲಂ ಎಳೆಯುವುದು ನಿಮಗೆ ಗೊತ್ತು, ಅದನ್ನು ನಾನು ಮತ್ತೆ ಹೇಳುವುದಿಲ್ಲ. ಆ ಯಾವ ಕಾಲಮಿನಲ್ಲೂ ಕಾಣದ ಒಂದು ಸಂಗತಿ ಇದೆ. ಈ ಪಾಠ ಕೇಳುವಾಗ ಮಗು ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಎಷ್ಟು ಹಿಡಿದುಕೊಂಡಿರಬೇಕು?

ನಮ್ಮ ನೆನಪಿನ ಉಗ್ರಾಣ ದೊಡ್ಡದು. ಊರ ಜನರ ಹೆಸರು, ಹಾಡು, ಹೊಲದ ಮೇರೆ ಎಲ್ಲ ಅಲ್ಲಿವೆ. ಆದರೆ ಹೊಸದೇನೇ ಬರಲಿ, ಮೊದಲು ಬಂದು ಕೂರುವುದು ಮನಸ್ಸಿನ ಮುಂದಿನ ಒಂದು ಸಣ್ಣ ಕಟ್ಟೆಯ ಮೇಲೆ. ಆ ಕಟ್ಟೆಯ ಮೇಲೆ ಏಳರಷ್ಟು ಸಂಗತಿ ಹಿಡಿಯುತ್ತವೆ ಎಂದು 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅಷ್ಟೂ ಇಲ್ಲ, ನಾಲ್ಕರಷ್ಟೇ ಎಂದರು. ಇದು ದೊಡ್ಡವರ ಲೆಕ್ಕ. ಮಕ್ಕಳದು ಇನ್ನೂ ಕಡಿಮೆ. ನಾಲ್ಕು ಮಂದಿ ಕೂತ ಕಟ್ಟೆಗೆ ಐದನೆಯವ ಬಂದರೆ ಒಬ್ಬ ಎದ್ದು ಹೋಗಲೇಬೇಕು. ಯಾರು ಏಳುತ್ತಾರೆ ಎನ್ನುವುದು ನಿಮ್ಮ ಕೈಯಲ್ಲೂ ಇಲ್ಲ, ಮಗುವಿನ ಕೈಯಲ್ಲೂ ಇಲ್ಲ. ಕಲಿಯುವ ಕೆಲಸ ನಡೆಯುವುದು ಮಾತ್ರ ಆ ಕಟ್ಟೆಯ ಮೇಲೆಯೇ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಿಂದ ಈಚೆಗೆ ಹೇಳಿಕೊಂಡು ಬಂದದ್ದು ಇದನ್ನೇ: ಪಾಠ ಕಟ್ಟುವವರು ಮೊದಲು ಈ ಹೊರೆಯ ಲೆಕ್ಕ ಹಾಕಬೇಕು.

ಈಗ ನಮ್ಮ ಗಡಿಗೆ ಬನ್ನಿ. ಉದಗೀರ, ನಿಲಂಗಾ 1956ರವರೆಗೂ ಬೀದರ ಜಿಲ್ಲೆಯಲ್ಲೇ ಇದ್ದವು. ಗೆರೆ ಸರಿಯಿತು, ಮನೆಮಾತು ಸರಿಯಲಿಲ್ಲ. ಇಲ್ಲಿ ಎಷ್ಟೋ ಮಕ್ಕಳು ಅವ್ವನ ಹತ್ತಿರ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರದಲ್ಲಿ ಹಿಂದಿ ಆಡುತ್ತವೆ.

ಉಮರ್ಗಾ ತಾಲೂಕಿನ ಒಂದು ಮರಾಠಿ ಶಾಲೆಯಲ್ಲಿ ಎರಡನೆಯ ತರಗತಿಯ ಮಕ್ಕಳ ನಡುವೆ ಕೂತು ನೋಡುತ್ತಿದ್ದೆ. ಬಾಯಿಯವರು ‘ಸತ್ತೇಚಾಳೀಸ’ ಎಂದರು. ನನ್ನ ಪಕ್ಕದ ಹುಡುಗಿ ಪಾಟಿಯ ಮೇಲೆ ಮೊದಲು 7 ಬರೆದಳು. ಎಡಕ್ಕೆ ಒಂದು ಅಂಕಿಯಷ್ಟು ಜಾಗ ಬಿಟ್ಟೇ ಬರೆದಿದ್ದಳು. ಆಮೇಲೆ ಆ ಜಾಗದಲ್ಲಿ 4 ಕೂರಿಸಿದಳು. 47 ಸರಿಯಾಗಿಯೇ ಬಂತು. ಬಾಯಿಯವರು ನೋಡಿ, ‘ಹಿಂದುಮುಂದಾಗಿ ಬರೀಬ್ಯಾಡ, ಎಡಗಡೆಯಿಂದ ಬರಿ’ ಎಂದು ತಿದ್ದಿದರು. ಮುಂದಿನದು ‘ಪಂಚವೀಸ’. ಬಾಯಿಯವರು ಹೇಳಿದ ಹಾಗೇ ಹುಡುಗಿ ಎಡಗಡೆಯಿಂದ, ಕಿವಿಗೆ ಬಿದ್ದ ವರಸೆಯಲ್ಲೇ ಬರೆದಳು: 52.

ಮನೆಯಲ್ಲಿ ಆ ಹುಡುಗಿ ಇಪ್ಪತ್ತೈದು ಅನ್ನುತ್ತಾಳೆ. ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವುದೂ ಅದೇ ವರಸೆ. ಮರಾಠಿಯಲ್ಲಿ ಐದು ಮೊದಲು ಕೇಳುತ್ತದೆ, ಇಪ್ಪತ್ತು ಆಮೇಲೆ. ಅಂದರೆ ಅವಳು ಐದನ್ನು ಹಿಡಿದಿಟ್ಟುಕೊಳ್ಳಬೇಕು, ವೀಸ ಬರುವ ತನಕ ಕಾಯಬೇಕು, ಎರಡನ್ನೂ ಅದಲುಬದಲು ಮಾಡಬೇಕು, ಆಮೇಲೆ ಬರೆಯಬೇಕು. ಕಟ್ಟೆ ಅಲ್ಲಿಗೇ ತುಂಬಿತು. ಇನ್ನು ‘ಏಕೋಣಚಾಳೀಸ’ ತೆಗೆದುಕೊಳ್ಳಿ. ಕಿವಿಗೆ ಚಾಳೀಸ, ಅಂದರೆ ನಲವತ್ತು, ಬೀಳುತ್ತದೆ, ಕೈ ಮಾತ್ರ 39 ಬರೆಯಬೇಕು! ಇಷ್ಟರ ಮೇಲೆ ‘ಪಂಚವೀಸಕ್ಕೆ ಏಕೋಣಚಾಳೀಸ ಕೂಡಿಸಿ’ ಎಂದು ಬಾಯಿಲೆಕ್ಕ ಕೊಟ್ಟರೆ ಕೂಡಿಸುವುದಕ್ಕೆ ಕಟ್ಟೆಯ ಮೇಲೆ ಜಾಗ ಎಲ್ಲಿದೆ? ಮಗುವಿಗೆ ಕೂಡಿಸಲು ಬರುತ್ತದೆ. ಕೂಡಿಸುವ ತನಕ ಅದು ತಲುಪುವುದೇ ಇಲ್ಲ. ನಾವು ‘ಗಣಿತದಲ್ಲಿ ದಡ್ಡ’ ಎಂದು ಷರಾ ಬರೆಯುತ್ತೇವೆ. ಈ ಷರಾ ಕಂಡರೆ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ.

ಇದು ಕನ್ನಡದ ಮಕ್ಕಳದೊಂದೇ ಪಾಡು ಎಂದುಕೊಳ್ಳಬೇಡಿ. ಮರಾಠಿ ಮನೆಯ ಮಕ್ಕಳೂ ಇಲ್ಲಿ ಎಡವುತ್ತವೆ. ಜರ್ಮನ್ ಭಾಷೆಯಲ್ಲೂ ಬಿಡಿ ಅಂಕಿಯೇ ಮೊದಲು. ಆಸ್ಟ್ರಿಯಾದ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸಂಖ್ಯೆ ಕೇಳಿ ಬರೆಯುವಾಗ ಆದ ತಪ್ಪುಗಳಲ್ಲಿ ಹತ್ತಿರಹತ್ತಿರ ಅರ್ಧ ಈ ಹಿಂದುಮುಂದಿನವೇ. ನಾರ್ವೆ ದೇಶ 1951ರಲ್ಲಿ ಸರಕಾರಿ ತೀರ್ಮಾನದಿಂದಲೇ ಹತ್ತನ್ನು ಮೊದಲು ಹೇಳುವ ಪದ್ಧತಿಗೆ ಬದಲಾಯಿತು. ನಮ್ಮಲ್ಲೂ 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ‘ಏಕವೀಸ, ಬಾವೀಸ’ದ ಬದಲು ‘ವೀಸ ಏಕ, ವೀಸ ದೋನ’ ಎಂದು ಓದಿಸಲು ಹೊರಟಿತು. ವಿಧಾನಸಭೆಯ ತನಕ ಗದ್ದಲ ಹೋಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಳಾ ನಾರಳೀಕರ್ ಮಕ್ಕಳ ಕಷ್ಟ ಹೇಳಿದರು, ದಕ್ಷಿಣದ ಭಾಷೆಗಳು ಹೀಗೇ ಎಣಿಸುತ್ತವೆ ಎಂದೂ ತೋರಿಸಿದರು. ಮರಾಠಿ ಕೆಡುತ್ತದೆ ಎಂಬ ಕೂಗಿನಲ್ಲಿ ಆ ಮಾತು ಕೇಳಿಸಿದ್ದು ಕಡಿಮೆ. ಹಳೆಯ ಹೆಸರುಗಳು ಬೇಡ ಎಂದು ನಾನೂ ಹೇಳುವುದಿಲ್ಲ. ಅವು ಬಜಾರಕ್ಕೆ ಬೇಕು, ಪರೀಕ್ಷೆಗೂ ಬೇಕು. ಆದರೆ ಸಂಖ್ಯೆಯ ಹೆಸರು, ಸಂಖ್ಯೆಯ ಬರಹ, ಕೂಡಿಸುವ ಲೆಕ್ಕ, ಈ ಮೂರನ್ನೂ ಒಂದೇ ತಾಸಿನಲ್ಲಿ ಮಗುವಿನ ಮೇಲೆ ಹೇರಬೇಡಿ. ಮತ್ತೆ ಹೇಳುತ್ತೇನೆ, ಒಂದೇ ತಾಸಿನಲ್ಲಿ ಹೇರಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲು ತೊಗರಿಕಟ್ಟಿಗೆಯ ಕಡ್ಡಿ ತಂದು ಹತ್ತರ ಕಟ್ಟು ಕಟ್ಟಿಸಿ. ನಾಲ್ಕು ಕಟ್ಟು, ಬಿಡಿ ಏಳು. ನಿಮಗೆ ಕನ್ನಡ ಬರುತ್ತಿದ್ದರೆ ‘ನಲವತ್ತೇಳು’ ಎಂದು ಧಾರಾಳವಾಗಿ ಹೇಳಿ, ಸಾಹೇಬರು ಬಂದರೆ ಏನಂದಾರು ಎಂದು ಅಂಜಬೇಡಿ. ಆಮೇಲೆ ‘ಚಾಳೀಸ ಆಣಿ ಸಾತ’, ಕೊನೆಗೆ ‘ಸತ್ತೇಚಾಳೀಸ’. ಕೂಡಿಸುವ ಲೆಕ್ಕವನ್ನು ಬೋರ್ಡಿನ ಮೇಲೆ ಅಂಕಿಯಲ್ಲೇ ಬರೆದು ಕೊಡಿ. 7 ಮೊದಲು ಬರೆದು ಎಡಕ್ಕೆ ಜಾಗ ಬಿಡುವ ಮಗುವನ್ನು ಅದರ ಪಾಡಿಗೆ ಬಿಡಿ. ಅದು ತನ್ನ ಹೊರೆಯನ್ನು ತಾನೇ ಇಳಿಸಿಕೊಳ್ಳುತ್ತಿದೆ. ಸಣ್ಣ ಸಣ್ಣ ಮೆಟ್ಟಿಲು ಮಾಡಿ ಏರಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ನಿಂತಿರುವುದೇ ಕಲಿಕಾ ಏಣಿಯ ಮೇಲೆ.

ಕಡ್ಡಿ ಕೊಡಿ ಎಂದದ್ದು ಹೊರೆ ಇಳಿಸಲು, ತರಬೇತಿಯ ಒಂದು ಚಿತ್ರವನ್ನು ನಂಬಿ ಅಲ್ಲ. ಓದಿದ್ದರಲ್ಲಿ ನೂರಕ್ಕೆ ಹತ್ತು, ಕೇಳಿದ್ದರಲ್ಲಿ ಇಪ್ಪತ್ತು, ಮಾಡಿದ್ದರಲ್ಲಿ ತೊಂಬತ್ತು ಉಳಿಯುತ್ತದೆ ಎಂಬ ಚಿತ್ರ ನೀವು ತರಬೇತಿಯಲ್ಲಿ ನೋಡಿರುತ್ತೀರಿ. ಅದರ ಮೂಲ, ಎಡ್ಗರ್ ಡೇಲ್ 1946ರಲ್ಲಿ ಬರೆದ ಶಂಕುವಿನ ಚಿತ್ರ; ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಅಂಕಿಗಳನ್ನು ಆಮೇಲೆ ಬೇರೆಯವರು ಸೇರಿಸಿದರು. ದಯವಿಟ್ಟು ಅದನ್ನು ಗೋಡೆಯಿಂದ ಇಳಿಸಿ.

ದೊಡ್ಡವರಿಗೆ ತರಬೇತಿ ಕೊಡುವವರಿಗೂ ಲೆಕ್ಕ ಇದೇ. ಸೋಯಾಬೀನ್ ಬಿತ್ತನೆಗೆ ಮುಂಚೆ ಮಹಿಳೆಯರ ಉಳಿತಾಯ ಗುಂಪು, ಬಚತ್ ಗಟದವರನ್ನು ಕೂರಿಸಿ ತಳಿ, ಗೊಬ್ಬರ, ರೋಗ, ವಿಮೆ ಎಲ್ಲವನ್ನೂ ಪಡದೆಯ ಮೇಲೆ ಓಡಿಸುತ್ತಾರೆ. ಅದರ ಬದಲು ಒಂದನ್ನು ಗೊತ್ತುಮಾಡಿಕೊಳ್ಳಿ: ಸಭೆ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬಳೂ ಮನೆಯ ಬೀಜದಿಂದ ಆರಿಸದೆ ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸಾಲಾಗಿ ಇಟ್ಟು ಸುತ್ತಿರಬೇಕು. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಏನು ಮಾಡಬೇಕೆಂದು ಅವಳೇ ಬಾಯಿಬಿಟ್ಟು ಹೇಳಬೇಕು. ಕಲಿತವರು ಏನು ಮಾಡಿ ತೋರಿಸಬೇಕು ಎಂದು ಮೊದಲೇ ಬರೆದಿಡಿ ಎಂದು ರಾಬರ್ಟ್ ಮೇಜರ್ 1962ರಲ್ಲಿ ಹೇಳಿದ್ದು ಇಂಥದನ್ನೇ. ವಿಮೆಯ ಮಾತಿಗೆ ಇನ್ನೊಂದು ದಿನ ಕರೆಯಿರಿ.

ಕಡೆಯದಾಗಿ, ‘ತಿಳೀತಾ’ ಎಂದು ಕೇಳುವುದನ್ನು ಬಿಟ್ಟುಬಿಡಿ. ಗುರುಗಳ ಮೇಲಿನ ಮರ್ಯಾದೆಗೆ ಮಕ್ಕಳು ಹೂಂ ಎನ್ನುತ್ತವೆ. ನಾಳೆ ಹಾಜರಿ ಮುಗಿದ ಕೂಡಲೇ, ಪುಸ್ತಕ ತೆಗೆಯುವ ಮುಂಚೆ, ನಿನ್ನೆಯ ಮೂರು ಸಂಖ್ಯೆ ಹೇಳಿ ಪಾಟಿಯ ಮೇಲೆ ಬರೆಸಿ, ಎಲ್ಲರ ಪಾಟಿಯನ್ನೂ ಒಟ್ಟಿಗೆ ಎತ್ತಿಸಿ ನೋಡಿ. ಯಾರ ಪಾಟಿಯಲ್ಲಿ 25 ಇರಬೇಕಾದಲ್ಲಿ 52 ಇದೆಯೋ ಅವರನ್ನು ಕಡ್ಡಿಯ ಕಟ್ಟಿನ ಹತ್ತಿರ ಕೂರಿಸಿಕೊಂಡು ಅಂದಿನ ಪಾಠ ಶುರುಮಾಡಿ.