ಹಣೆಬರಹ ಓದುವ ಸರಕಾರ

(ಟಾರ್ನೀಟ್‌ನ ಕನ್ನಡ ಗೆಳೆಯರ ಸಿನಿಮಾ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈಗಷ್ಟೇ ನಾವೆಲ್ಲ ನೋಡಿದ ‘ಮೈನಾರಿಟಿ ರಿಪೋರ್ಟ್’ ಬಗ್ಗೆ ನಾಲ್ಕು ಮಾತು ಆಡಿ ಅಂದಿದ್ದೀರಿ. 2002ರ ಚಿತ್ರ, ಸ್ಪೀಲ್‌ಬರ್ಗ್ ನಿರ್ದೇಶನ, ಮೂಲಕತೆ ಫಿಲಿಪ್ ಕೆ. ಡಿಕ್ ಅವರದು. 2054ರ ವಾಷಿಂಗ್ಟನ್. ನೀರಿನ ತೊಟ್ಟಿಯಲ್ಲಿ ಮಲಗಿದ ಮೂವರಿಗೆ ಮುಂದೆ ನಡೆಯುವ ಕೊಲೆಗಳು ಮೊದಲೇ ಕಾಣುತ್ತವೆ. ಕೊಲೆಗಾರ ಆಗಲಿರುವವನ ಹೆಸರು ಕೆತ್ತಿದ ಮರದ ಚೆಂಡು ಉರುಳಿ ಬರುತ್ತೆ, ಪೊಲೀಸರು ಹೋಗಿ ಹಿಡಿದು ತರುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ, ಹಣೆಬರಹ ಓದುವುದು ಇಲ್ಲಿ ಸರಕಾರಿ ಇಲಾಖೆಯ ಕೆಲಸ! ನಮ್ಮಲ್ಲಿ ಅದನ್ನು ಬರೆಯುವವನು ಬ್ರಹ್ಮ. ಬರೆದದ್ದನ್ನು ಯಾರೂ ಓದಲಾರರು ಅನ್ನುವುದೇ ನಮ್ಮ ಹಿರಿಯರಿಗಿದ್ದ ನೆಮ್ಮದಿ.

ಸಿಡ್ನಿಯಲ್ಲಿ ಚಿತ್ರೀಕರಣವಾದ ‘ದಿ ಮೇಟ್ರಿಕ್ಸ್’ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ಅಲ್ಲಿ ಆಳುವವರು ಸುಳ್ಳು ಹೇಳುತ್ತಾರೆ, ಹಾಗಾಗಿ ಯಾರ ಪರ ನಿಲ್ಲಬೇಕು ಅನ್ನುವುದು ಸುಲಭ. ಇಲ್ಲಿ ಹಾಗಲ್ಲ. ಆರು ವರ್ಷದಿಂದ ಊರಲ್ಲಿ ಒಂದೂ ಕೊಲೆಯಾಗಿಲ್ಲ ಸ್ವಾಮೀ! ಅಂಥ ಸರಕಾರಕ್ಕೆ ಬೇಡ ಅನ್ನಲು ಎಷ್ಟು ಜನಕ್ಕೆ ಬಾಯಿ ಬಂದೀತು? ನನಗೆ ಈ ಚಿತ್ರ ಹೆಚ್ಚು ಕಾಡುವುದು ಅದಕ್ಕೇ.

ಇನ್ನು 2054ರ ತನಕ ಕಾಯಬೇಕಾಗಿಯೇನೂ ಇಲ್ಲ. 2021ರ ಏಪ್ರಿಲ್ 30, ಶುಕ್ರವಾರ ರಾತ್ರಿ ನಿಮಗೆ ನೆನಪಿದ್ದೇ ಇರುತ್ತೆ. ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಬರುವಂತಿಲ್ಲ, ಇಲ್ಲಿನ ಪ್ರಜೆಗಳಾದರೂ ಸರಿ. ಬಂದರೆ ಐದು ವರ್ಷದವರೆಗೆ ಜೈಲು, 66,600 ಡಾಲರ್‌ವರೆಗೆ ದಂಡ. ಆದೇಶ ಜಾರಿಯಾಗಿದ್ದು ಮೇ 3ರಂದು. ಅದೇ ದಿನ ಬೆಳಗ್ಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತ ಸುದ್ದಿ ಬಂದಿತ್ತು. ಅಪ್ಪ ಅಮ್ಮನನ್ನು ನೋಡಲು ಹೋದವರು ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ.

ರೋಗ ನಿಜವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಂದವರನ್ನು 14 ದಿನ ಹೋಟೆಲಿನಲ್ಲಿ ಕೂರಿಸಿ, ಯಾರೂ ಬೇಡ ಅನ್ನಲಿಲ್ಲ. ಆದರೆ ಸೋಂಕು ಇದೆಯೋ ಇಲ್ಲವೋ ನೋಡದೆ, ಮನೆಗೆ ಮರಳುವುದನ್ನೇ ಅಪರಾಧ ಮಾಡಿದ್ದು ಯಾವ ಲೆಕ್ಕ? ಹಿಂದಿನ ವರ್ಷ ಅಮೆರಿಕ, ಬ್ರಿಟನ್‌ಗಳು ತತ್ತರಿಸಿದಾಗ ಅಲ್ಲಿಂದ ಬರುವ ಪ್ರಜೆಗಳಿಗೆ ಇಂಥ ಜೈಲಿನ ಬೆದರಿಕೆ ಇರಲಿಲ್ಲ. ಯಾರನ್ನೂ ಜೈಲಿಗೆ ಹಾಕುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಆಮೇಲೆ ಪ್ರಧಾನಿ ಮಾರಿಸನ್ ಹೇಳಿದರು. ಹಾಗಿದ್ದರೆ ಬರೆದದ್ದೇಕೆ?

ಇದಕ್ಕೆ ಬಳಸಿದ್ದು 2015ರ ಜೈವಿಕ ಭದ್ರತಾ ಕಾಯ್ದೆಯ 477ನೇ ಸೆಕ್ಷನ್. ಮಂತ್ರಿಯ ಒಂದು ಸಹಿ ಬೇರೆಲ್ಲ ಕಾನೂನುಗಳನ್ನು ಮೀರುತ್ತೆ. ಪಾರ್ಲಿಮೆಂಟಿನ ಯಾವ ಸದನವೂ ಆ ಆದೇಶವನ್ನು ತಿರಸ್ಕರಿಸುವಂತಿಲ್ಲ. ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ 73 ವರ್ಷದ ಆಸ್ಟ್ರೇಲಿಯನ್ನರೊಬ್ಬರು ಸಿಡ್ನಿಯ ಫೆಡರಲ್ ಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದರು. ತನ್ನ ದೇಶಕ್ಕೆ ಮರಳುವುದು ಪ್ರಜೆಯ ಹಳೆಯ ಹಕ್ಕು ಅನ್ನುವುದು ಅವರ ವಾದಗಳಲ್ಲೊಂದು. ಮೇ 10ರಂದು ನ್ಯಾಯಾಧೀಶ ಥಾಲಿ ಅದನ್ನು ಒಪ್ಪಲಿಲ್ಲ: ಪಾರ್ಲಿಮೆಂಟೇ ಅಷ್ಟು ಅಧಿಕಾರ ಕೊಟ್ಟಿದೆ ಅಂದರು. ನಿಷೇಧ ಮೇ 15ಕ್ಕೆ ತಾನಾಗಿ ಮುಗಿಯಿತು.

ಮತ್ತೆ ಚಿತ್ರಕ್ಕೆ ಬರೋಣ. ಚೆಂಡಿನ ಮೇಲೆ ತನ್ನದೇ ಹೆಸರು ಬಂದಾಗ ಟಾಮ್ ಕ್ರೂಸ್ ಓಡುತ್ತಾನೆ, ಹಾರುತ್ತಾನೆ, ಕಣ್ಣನ್ನೇ ಬದಲಿಸಿಕೊಳ್ಳುತ್ತಾನೆ. ಆದರೆ ಸಿಕ್ಕಿಬಿದ್ದವರ ಪರವಾಗಿ ಮಾತಾಡುವ ಒಬ್ಬ ವಕೀಲ ಇಡೀ ಚಿತ್ರದಲ್ಲಿ ಕಂಡನೇ? ಈ ಬಗೆಯ ಸಿನಿಮಾಗಳಲ್ಲಿ ಸ್ವಾತಂತ್ರ್ಯ ಅಂದರೆ ಒಬ್ಬ ಹೀರೋ ಓಡುವುದು. ಅರ್ಜಿ ಬರೆದು ಐದು ವರ್ಷ ಕಾಯುವುದನ್ನು ಯಾರೂ ತೋರಿಸುವುದಿಲ್ಲ; ಟಿಕೆಟ್ ಮಾರಾಟ ಆಗಲ್ಲ ನೋಡಿ.

ಅದನ್ನು ಮಾಡಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. (ಆಧಾರ್ ಕಟ್ಟಿದ ನಿಲೇಕಣಿಯವರೂ ಬೆಂಗಳೂರಿನವರೇ. ಬೀಗ ಮಾಡಿದವರೂ ನಾವೇ, ಬಾಗಿಲು ತಟ್ಟಿದವರೂ ನಾವೇ!) 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. 2018ರಲ್ಲಿ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳುವುದಕ್ಕೆ ತಡೆ ಬಿತ್ತು. ಅರ್ಧ ಗೆಲುವು. 2024ರಲ್ಲಿ ತೀರಿಕೊಂಡಾಗ ಅವರಿಗೆ 98.

ಭಾರತದ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಪಟ್ಟಿ ಇತ್ತು, ಹಾಗಾಗಿ ಪುಟ್ಟಸ್ವಾಮಿಯವರಿಗೆ ನಿಲ್ಲಲು ನೆಲ ಸಿಕ್ಕಿತು. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಅಂಥ ಪಟ್ಟಿ ಇಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಈಗ ಇಲ್ಲಿಯ ಮತದಾರರು. ಮುಂದಿನ ಚುನಾವಣೆಗೆ ನಮ್ಮ ಬೀದಿಗೆ ಕೈಮುಗಿದು ಬರುವವರನ್ನು 477ರ ಬಗ್ಗೆ ಏನಂತೀರಿ ಅಂತ ನಾನಂತೂ ಕೇಳುವವನಿದ್ದೇನೆ. ಜೊತೆಗೆ ನೀವೂ ಬಂದರೆ ಒಳ್ಳೆಯದು.

ಈಗ ನಿಮ್ಮ ಪ್ರಶ್ನೆಗಳು. ಕಾಫಿ ಹಿಂದಿನ ಮೇಜಿನ ಮೇಲಿದೆ.