ಅಳಗುಳಿ ಮಣೆ



ಹುಣಿಸೆಯ ಬೀಜವೆಂದರೆ ಪಟ್ಟಣವಾಸಿಗಳಿಗೆ ಅಡಿಗೆಮನೆಯ ಕಸ. ಅಂತಹ 70 ಬೀಜಗಳೂ 14 ಗುಳಿಗಳೂ ದೊರೆತರೆ ಮಧ್ಯಾಹ್ನವೊಂದು ಸುಖವಾಗಿ ಕಳೆಯುವುದೆಂಬುದನ್ನು ನಮ್ಮ ಹೆಂಗಸರು ಬಹುಕಾಲದಿಂದ ಬಲ್ಲರು.

ಕನ್ನಡಿಗರು ಅಳಗುಳಿ ಮಣೆಯೆಂದು ಕರೆಯುವ ಈ ಆಟವನ್ನು ತೆಲುಗರು ವಾಮನಗುಂಟಲು ಎನ್ನುವರು. ಬಳ್ಳಾರಿಯ ಕಡೆಯಲ್ಲಿ ಎರಡು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. 1953ನೆಯ ಇಸವಿ ಅಕ್ಟೋಬರ್ 1ರಂದು ಹಳೆಯ ಜಿಲ್ಲೆ ಒಡೆದಾಗ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಬಂದವು. ಬಳ್ಳಾರಿಯೊಡನೆ ಕುರುಗೋಡೂ ಬಂದಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿಯ ಎರಡು ಕಡೆಗಳಲ್ಲಿಯೂ ಗುಳಿಗಳ ಲೆಕ್ಕ ಮಾತ್ರ 14 ಆಗಿಯೇ ಉಳಿಯಿತು.

ಆಡುವ ಕ್ರಮ ಸುಲಭ. ಸಾಲಿಗೆ ಏಳರಂತೆ ಎರಡು ಸಾಲು. ಗುಳಿಗೆ ಐದೈದು ಬೀಜ. ಒಂದು ಗುಳಿಯದನ್ನು ತೆಗೆದು ಮುಂದಿನವುಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯದನ್ನು ಎತ್ತಿಕೊಳ್ಳಬೇಕು. ಆ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದುದೆಲ್ಲ ಆಡುವವಳಿಗೆ ಸಲ್ಲುತ್ತದೆ. ಸರದಿ ಅಲ್ಲಿಗೆ ಮುಗಿಯುತ್ತದೆ. ಊರೂರಿಗೆ ನಿಯಮ ಕೊಂಚ ಬೇರೆ, ಜಗಳಗಳೂ ಅದರಿಂದಲೇ.

ಮಣೆಯಿಲ್ಲದವರು ನೆಲದಲ್ಲಿ ಗುಳಿ ತೋಡಿಕೊಳ್ಳುವರು. ಹಂಪೆಯ ಕಲ್ಲುಹಾಸುಗಳ ಮೇಲೆ ಹಿಂದಿನವರು ಹಲಬಗೆಯ ಆಟಗಳ ಮನೆಗಳನ್ನು ಕೊರೆದಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಇದೇ ಜಾತಿಯ ಆಟ ಆಫ್ರಿಕಾ ಖಂಡದಲ್ಲಿಯೂ ಬಹಳ ಹರಡಿದೆ. ವಿದ್ವಾಂಸರು ಇಡೀ ಕುಲಕ್ಕೆ ಕೊಟ್ಟಿರುವ ‘ಮಂಕಲ’ ಎಂಬ ಹೆಸರು ‘ಸಾಗಿಸು’ ಎಂಬರ್ಥದ ಅರಬ್ಬೀ ಧಾತುವಿನಿಂದ ಬಂದುದು. ಜಂಜಿಬಾರಿನ ‘ಬಾವೊ’ ಆಟಕ್ಕೆ ನಾಲ್ಕು ಸಾಲು, 32 ಗುಳಿ, 64 ಬೀಜ. ಘಾನಾ ದೇಶದ ‘ಒವಾರೆ’ಗೆ 12 ಗುಳಿ, 48 ಬೀಜ. ಈ ಒವಾರೆಯಲ್ಲಿ ನನ್ನ ಮನಸ್ಸನ್ನು ಸೆಳೆದ ಕಟ್ಟಳೆಯೊಂದಿದೆ: ಎದುರಾಳಿಯ ಗುಳಿಗಳೆಲ್ಲ ಬರಿದಾಗಿದ್ದರೆ, ಸಾಧ್ಯವಿರುವಷ್ಟರ ಮಟ್ಟಿಗೆ, ಅವನ ಪಾಲಿಗೆ ಬೀಜ ಬೀಳುವಂತೆಯೇ ಆಡತಕ್ಕದ್ದು. ಎದುರಾಳಿಯನ್ನು ಸೋಲಿಸಬಹುದು, ಉಪವಾಸ ಕೆಡಹುವಂತಿಲ್ಲ!

ಬಳ್ಳಾರಿಯವರಿಗೆ ಇದು ಬರಿಯ ವಿನೋದದ ಮಾತೆಂದು ತೋರಲಾರದು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಮದರಾಸು ಆಧಿಪತ್ಯದೊಳಗೆ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಇದೂ ಒಂದು. ಇಂದು ತುಂಗಭದ್ರೆಯ ಕಾಲುವೆಗಳಿಂದ ಸಿರುಗುಪ್ಪದ ಗದ್ದೆಗಳು ಹಸಿರಾಗಿವೆ. ಆದರೂ ಬರಿದಾದ ಗುಳಿಯ ಅರ್ಥವನ್ನು ಈ ನೆಲಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಮ್ಮ ಆಟ ಅಷ್ಟು ದಯಾಳುವಲ್ಲ. ಬರಿದಾದ ಗುಳಿಯಿಂದಲೇ ಇಲ್ಲಿ ಲಾಭ. ತುಳುನಾಡಿನವರು ಇದನ್ನು ಚೆನ್ನೆಮಣೆಯೆನ್ನುವರು. ಅಲ್ಲಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗರೆಂಬ ಅವಳಿ ಸೋದರಿಯರು ಆಡಲು ಕುಳಿತು, ಜಗಳವಾಗಿ, ಅಕ್ಕ ಮಣೆಯಿಂದಲೇ ತಂಗಿಯನ್ನು ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರಾಗಿ ಚೆನ್ನೆಯಾಡಬಾರದೆಂಬ ನಿಷೇಧ ಆ ಕಡೆ ಹುಟ್ಟಿದುದು ಈ ಕಥೆಯಿಂದ. ಮನೆಯೊಳಗಿನ ಪಾಲುಪಂಚಾಯತಿಯನ್ನು ಕಂಡವರಿಗೆ ಇದು ಅತಿಯಾದ ಎಚ್ಚರಿಕೆಯೆನಿಸದು.

ಆದರೂ ನಮ್ಮವರು ಸೋತವಳನ್ನು ಒಮ್ಮೆಗೇ ಏಳಿಸುವುದಿಲ್ಲ. ಆಟ ಮುಗಿದ ಮೇಲೆ ಕಡಿಮೆ ಬೀಜದವಳು ತನ್ನಲ್ಲಿರುವುದರಿಂದ ತುಂಬುವಷ್ಟು ಗುಳಿಗಳನ್ನು ತುಂಬುತ್ತಾಳೆ. ಮಿಕ್ಕವು ಆ ಸುತ್ತಿಗೆ ಮುಚ್ಚಿದಂತೆ. ಆರು ಗುಳಿ ಮುಚ್ಚಿಹೋಗಿ ಕೈಯಲ್ಲಿ ಐದೇ ಬೀಜ ಉಳಿದಿದ್ದರೂ, ಆಕೆ ಅವನ್ನು ಆ ಒಂದು ಗುಳಿಗೆ ಹಾಕಿ, ಸೆರಗು ಸರಿಮಾಡಿಕೊಂಡು, ಮತ್ತೆ ಮಣೆಯ ಮುಂದೆ ಕೂರುತ್ತಾಳೆ.