ಖಾಲಿ ಸೀಟು ಯಾರ ತಪ್ಪು? ಓಕ್ಲೆಂಡ್ ಅಭಿಮಾನಿಗಳು ತಮ್ಮ ಟೀಮ್ ಕಳ್ಕೊಂಡ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಸ್ವಲ್ಪ ದೂರದ ಕತೆ. ಅಮೆರಿಕದ್ದು, ಅದೂ ಬೇಸ್‌ಬಾಲ್ ಕತೆ. "ನಮಗ್ಯಾಕೆ ಗುರು ಬೇಸ್‌ಬಾಲ್" ಅಂತ ಸ್ಕಿಪ್ ಮಾಡ್ಬೇಡಿ, ಐದು ನಿಮಿಷ ಕೊಡಿ. ಇದರಲ್ಲಿ ಆಟಕ್ಕಿಂತ ಲೆಕ್ಕ ಜಾಸ್ತಿ ಇದೆ. ಬಿಕಾಂ ಓದಿದವನಿಗೆ ಆಟಕ್ಕಿಂತ ಬ್ಯಾಲೆನ್ಸ್ ಶೀಟೇ ಮೊದಲು ಕಣ್ಣಿಗೆ ಬೀಳೋದು, ಏನ್ ಮಾಡೋದು!

'ಮನಿಬಾಲ್' ಸಿನಿಮಾ ನೋಡಿದೀರಾ? 2011ರದ್ದು, ಬ್ರಾಡ್ ಪಿಟ್ ಇರೋದು. ದುಡ್ಡಿಲ್ಲದ ಒಂದು ಬೇಸ್‌ಬಾಲ್ ಟೀಮ್, ಅಂಕಿಅಂಶ ಇಟ್ಕೊಂಡು, ಬೇರೆಯವರು ಬೇಡ ಅಂದ ಆಟಗಾರರನ್ನ ಸೇರಿಸ್ಕೊಂಡು, 2002ರಲ್ಲಿ ಸತತ 20 ಪಂದ್ಯ ಗೆಲ್ಲುತ್ತೆ. ಅದು ನಿಜವಾದ ಟೀಮ್. ಹೆಸರು ಓಕ್ಲೆಂಡ್ ಅಥ್ಲೆಟಿಕ್ಸ್, ಜನ ಪ್ರೀತಿಯಿಂದ ಕರೆಯೋದು 'ಏಸ್' ಅಂತ. ನ್ಯೂಜಿಲೆಂಡ್‌ನ ಆಕ್ಲೆಂಡ್ ಅಲ್ಲ, ಕ್ಯಾಲಿಫೋರ್ನಿಯಾದ ಓಕ್ಲೆಂಡ್. ಸ್ಯಾನ್ ಫ್ರಾನ್ಸಿಸ್ಕೋದಿಂದ ಸೇತುವೆ ದಾಟಿದ್ರೆ ಆ ಕಡೆ ಸಿಗೋ ಊರು.

ಆ ಸಿನಿಮಾದ ಟೀಮ್ ಈಗ ಆ ಊರಲ್ಲಿಲ್ಲ. 2024ರ ಸೆಪ್ಟೆಂಬರ್ 26ಕ್ಕೆ ಓಕ್ಲೆಂಡ್‌ನಲ್ಲಿ ಕೊನೇ ಪಂದ್ಯ ಆಡಿ ಗಂಟುಮೂಟೆ ಕಟ್ತು. 1968ರಿಂದ ಅಲ್ಲೇ ಇದ್ದ ಟೀಮ್ ಅದು. 1972, 73, 74, ಆಮೇಲೆ 1989, ನಾಲ್ಕು ಸಲ ವರ್ಲ್ಡ್ ಸೀರೀಸ್ ಗೆದ್ದಿತ್ತು. ಹೋಗೋಕೆ ಕೊಟ್ಟ ಕಾರಣಗಳಲ್ಲಿ ಒಂದು, "ಜನ ಬರ್ತಿಲ್ಲ."

ಇವತ್ತಿನ ಪ್ರಶ್ನೆ ಇದೇ. ಜನ ಯಾಕೆ ಬರ್ತಿರಲಿಲ್ಲ? ಬರದೇ ಇದ್ದಿದ್ದು ಯಾರಿಗೆ ಲಾಭ ಆಯ್ತು?

ಮೊದಲು ಸ್ವಲ್ಪ ಹಿನ್ನೆಲೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ಟೀಮ್‌ಗಳು. ಒಂದೊಂದು ಟೀಮ್ ಒಂದು ಸೀಸನ್‌ನಲ್ಲಿ 162 ಪಂದ್ಯ ಆಡುತ್ತೆ, ಅದರಲ್ಲಿ ಅರ್ಧ ಸ್ವಂತ ಊರಲ್ಲಿ. ಹಾಗಾಗಿ ಅಲ್ಲಿನ ಅಭಿಮಾನಿಗೆ ಆಟ ಅನ್ನೋದು ನಮ್ಮ ಐಪಿಎಲ್ ಥರ ಎರಡು ತಿಂಗಳ ಹಬ್ಬ ಅಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಮ್ಮಿ ದಿನಾ ಇರೋದು. ಕೆಲಸ ಮುಗಿಸ್ಕೊಂಡು ಮಗನ ಕೈ ಹಿಡ್ಕೊಂಡು ಹೋಗಿ ಕೂತ್ಕೊಳ್ಳೋ ಜಾಗ ಅದು.

2005ರಲ್ಲಿ ಈ ಟೀಮನ್ನ ಒಂದು ಗುಂಪು ಸುಮಾರು 18 ಕೋಟಿ ಡಾಲರ್‌ಗೆ ಕೊಂಡ್ಕೊಳ್ತು. ಅದರಲ್ಲಿ ಮುಖ್ಯ ಹೂಡಿಕೆದಾರ ಜಾನ್ ಫಿಶರ್. ಗ್ಯಾಪ್ ಅನ್ನೋ ಬಟ್ಟೆ ಬ್ರ್ಯಾಂಡ್ ಗೊತ್ತಲ್ಲ, ಅದನ್ನ ಶುರು ಮಾಡಿದ ದಂಪತಿಯ ಮಗ. 2023ರಲ್ಲಿ ಫೋರ್ಬ್ಸ್ ಅಂದಾಜಿನ ಪ್ರಕಾರ ಈ ಟೀಮಿನ ಬೆಲೆ ಸುಮಾರು 118 ಕೋಟಿ ಡಾಲರ್. ಹದಿನೆಂಟು ವರ್ಷದಲ್ಲಿ ಆರು ಪಟ್ಟಿಗಿಂತ ಜಾಸ್ತಿ. ಸರಿ, ಟೀಮ್ ಚೆನ್ನಾಗಿ ಆಡ್ತಿರ್ಬೇಕು ಅಂದ್ಕೊಳ್ತೀರಲ್ಲ? ಅದೇ 2023ರಲ್ಲಿ ಅವರು ಗೆದ್ದಿದ್ದು 50 ಪಂದ್ಯ, ಸೋತಿದ್ದು 112.

ಸರಕು ಹಾಳಾಗ್ತಾ ಹೋಗುತ್ತೆ, ಅಂಗಡಿ ಬೆಲೆ ಮಾತ್ರ ಏರ್ತಾ ಹೋಗುತ್ತೆ. ಇದು ಹೇಗೆ ಸಾಧ್ಯ?

ನಮ್ಮ ಐಪಿಎಲ್‌ನೇ ತಗೊಳ್ಳಿ. ಟಿವಿ, ಸ್ಟ್ರೀಮಿಂಗ್ ಹಕ್ಕಿನ ದುಡ್ಡು ಬಿಸಿಸಿಐಗೆ ಬಂದು, ಅಲ್ಲಿಂದ ಎಲ್ಲ ಟೀಮ್‌ಗಳಿಗೂ ಪಾಲು ಹೋಗುತ್ತೆ. ಕೊನೇ ಸ್ಥಾನ ಬಂದ್ರೂ ಮುಂದಿನ ವರ್ಷ ಆಡ್ತಾರೆ. ಇಂಗ್ಲೆಂಡ್ ಫುಟ್‌ಬಾಲ್ ಥರ ಕೊನೇ ಮೂರು ಟೀಮ್ ಕೆಳಗಿನ ಲೀಗ್‌ಗೆ ಇಳಿಯೋ ಭಯ ಇಲ್ಲ. ಮೇಜರ್ ಲೀಗ್ ಬೇಸ್‌ಬಾಲ್ ಕೂಡ ಹೀಗೇ. ರಾಷ್ಟ್ರೀಯ ಟಿವಿ ಒಪ್ಪಂದದ ದುಡ್ಡು 30 ಟೀಮ್‌ಗೂ ಸಮ ಪಾಲು. ಅದರ ಮೇಲೆ, ಪ್ರತಿ ಟೀಮೂ ತನ್ನ ಊರಿನ ಆದಾಯದಲ್ಲಿ 48 ಪರ್ಸೆಂಟ್ ಒಂದು ಹುಂಡಿಗೆ ಹಾಕುತ್ತೆ, ಆ ಹುಂಡಿ ಎಲ್ಲರಿಗೂ ಸಮನಾಗಿ ಹಂಚಿಕೆ ಆಗುತ್ತೆ. ದೊಡ್ಡ ಊರಿನ ಟೀಮ್‌ಗೆ ಕೈಯಿಂದ ಹೋಗುತ್ತೆ, ಸಣ್ಣ ಊರಿನ ಟೀಮ್‌ಗೆ ಬರುತ್ತೆ. ಉದ್ದೇಶ ಒಳ್ಳೇದೇ: ಬಡ ಟೀಮೂ ಒಳ್ಳೆ ಆಟಗಾರರನ್ನ ಇಟ್ಕೊಳ್ಳಲಿ ಅಂತ.

ಆದ್ರೆ ಓನರ್‌ಗೆ ಇದು ಬೇರೆ ಥರಾನೂ ಕಾಣ್ಬಹುದಲ್ವಾ? ಆಟಗಾರರ ಸಂಬಳ ಕಡಿಮೆ ಮಾಡು, ಹುಂಡಿ ದುಡ್ಡು ಹೇಗಿದ್ರೂ ಬರುತ್ತೆ, ಟೀಮಿನ ಬೆಲೆ ತಾನಾಗೇ ಏರುತ್ತೆ. ಲೀಗ್‌ನಲ್ಲಿರೋದು 30 ಸೀಟು ಮಾತ್ರ, ಕೊಂಡ್ಕೊಳ್ಳೋಕೆ ಕ್ಯೂ ನಿಂತಿರೋ ಶ್ರೀಮಂತರು ತುಂಬಾ ಜನ.

ಓಕ್ಲೆಂಡ್‌ನಲ್ಲಿ ಏನಾಯ್ತು ನೋಡಿ. 2018, 2019 ಎರಡೂ ವರ್ಷ ಟೀಮ್ 97 ಪಂದ್ಯ ಗೆದ್ದಿತ್ತು. 2020ರಲ್ಲಿ ತಮ್ಮ ಡಿವಿಷನ್‌ನಲ್ಲೇ ಮೊದಲು. 2021ರ ಸೀಸನ್ ಮುಗೀತು, ಮಾರಾಟ ಶುರು. ಮ್ಯಾಟ್ ಆಲ್ಸನ್ ಅಟ್ಲಾಂಟಾಗೆ, ಮ್ಯಾಟ್ ಚಾಪ್‌ಮನ್ ಟೊರಾಂಟೋಗೆ, ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕ್‌ಗೆ, ಶಾನ್ ಮನಾಯಾ ಸ್ಯಾನ್ ಡಿಯಾಗೋಗೆ. ಅಭಿಮಾನಿ ಯಾರ ಹೆಸರಿನ ಜೆರ್ಸಿ ಕೊಂಡಿದ್ನೋ ಅವರೆಲ್ಲ ಹೊರಗೆ. 2022ರಲ್ಲಿ ಟೀಮ್ 102 ಪಂದ್ಯ ಸೋತ್ತು. 2023ರಲ್ಲಿ ಇಡೀ ಟೀಮಿನ ಸಂಬಳದ ಖರ್ಚು ಸುಮಾರು 6 ಕೋಟಿ ಡಾಲರ್, ಲೀಗ್‌ನಲ್ಲೇ ಕಡಿಮೆ. ಅದೇ ವರ್ಷ ನ್ಯೂಯಾರ್ಕ್ ಮೆಟ್ಸ್ ಖರ್ಚು 33 ಕೋಟಿ ಡಾಲರ್‌ಗೂ ಜಾಸ್ತಿ.

ಸ್ಟೇಡಿಯಂ ಬಗ್ಗೆನೂ ಹೇಳ್ಬೇಕು. ಓಕ್ಲೆಂಡ್ ಕಲೀಸಿಯಂ 1966ರದ್ದು. 2013ರಲ್ಲಿ ಒಂದು ಪಂದ್ಯ ಮುಗಿದ ಮೇಲೆ ಆಟಗಾರರ ಕೋಣೆಗೇ ಚರಂಡಿ ನೀರು ಉಕ್ಕಿ ಬಂದಿತ್ತು. 2023ರಲ್ಲಿ ಕಾಮೆಂಟರಿ ಕೋಣೆಯಲ್ಲಿ ಒಪೋಸಮ್ ಅನ್ನೋ ಪ್ರಾಣಿ ಸಂಸಾರ ಹೂಡಿತ್ತು, ಹೆಗ್ಗಣದ ಥರ ಕಾಣುತ್ತೆ. ಹಾಗಾಗಿ "ಹೊಸ ಸ್ಟೇಡಿಯಂ ಬೇಕು" ಅನ್ನೋ ಓನರ್ ಮಾತು ಸುಳ್ಳಲ್ಲ, ಅದನ್ನ ಒಪ್ಕೊಳ್ಳೋಣ.

ಎಲ್ಲಿ ಕಟ್ಟೋದು ಅನ್ನೋದೇ ಹದಿನೈದು ವರ್ಷದ ಧಾರಾವಾಹಿ ಆಯ್ತು. ಮೊದಲು ಫ್ರೀಮಾಂಟ್ ಅಂದ್ರು. ನಿಮ್ಮ ಅಣ್ಣನೋ ಕಸಿನ್ನೋ ಅಲ್ಲಿ ಐಟಿ ಕೆಲಸದಲ್ಲಿದ್ರೆ ಆ ಊರಿನ ಹೆಸರು ಕೇಳಿರ್ತೀರಿ, ನಮ್ಮವರು ತುಂಬಾ ಜನ ಇರೋ ಜಾಗ. 2009ರಲ್ಲಿ ಆ ಪ್ಲಾನ್ ಬಿದ್ದೋಯ್ತು. ಆಮೇಲೆ ಸ್ಯಾನ್ ಹೋಸೆ. ಅದು ನಮ್ಮ ಏರಿಯಾ ಅಂತ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಟೀಮ್ ಬಿಡ್ಲಿಲ್ಲ. ಸ್ಯಾನ್ ಹೋಸೆ ನಗರ ಕೋರ್ಟಿಗೆ ಹೋಯ್ತು, ಸೋತ್ತು. ಯಾಕಂದ್ರೆ 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಿಂದ, ಏಕಸ್ವಾಮ್ಯದ ವಿರುದ್ಧ ಇರೋ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸಲ್ಲ. ನೂರು ವರ್ಷದ ಹಿಂದಿನ ವಿನಾಯಿತಿ ಇವತ್ತಿಗೂ ಜೀವಂತ! ಕೊನೆಗೆ ಓಕ್ಲೆಂಡ್ ಬಂದರಿನ ಹತ್ರ ಹೋವರ್ಡ್ ಟರ್ಮಿನಲ್ ಅನ್ನೋ ಜಾಗ. ನಗರಸಭೆ ಜೊತೆ ವರ್ಷಗಟ್ಟಲೆ ಮಾತುಕತೆ ನಡೀತು.

ಇದರ ಮಧ್ಯ 2022ರಲ್ಲಿ ಲೀಗ್‌ಗೂ ಆಟಗಾರರ ಸಂಘಕ್ಕೂ ಹೊಸ ಒಪ್ಪಂದ ಆಯ್ತು. ಅದರಲ್ಲಿ ಏಸ್ ಟೀಮ್‌ಗೆ ಒಂದು ಷರತ್ತು: 2024ರ ಜನವರಿ 15ರೊಳಗೆ ಸ್ಟೇಡಿಯಂ ಒಪ್ಪಂದ ಪಕ್ಕಾ ಆಗದಿದ್ರೆ ಹುಂಡಿ ದುಡ್ಡಿನ ಸಹಾಯ ಬಂದ್. ಈಗ ಗಡಿಯಾರ ಓಡೋಕೆ ಶುರು. 2023ರ ಏಪ್ರಿಲ್‌ನಲ್ಲಿ ಸುದ್ದಿ ಬಂತು: ಲಾಸ್ ವೇಗಸ್‌ನಲ್ಲಿ ಜಾಗ ಖರೀದಿಗೆ ಒಪ್ಪಂದ ಆಗಿದೆ. ಓಕ್ಲೆಂಡ್ ಜನಕ್ಕೆ ಎದೆ ಒಡೆದಂಗಾಯ್ತು. 2019ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ ಟೀಮ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿತ್ತು. 2020ರಲ್ಲಿ ಫುಟ್‌ಬಾಲ್‌ನ ರೇಡರ್ಸ್ ಲಾಸ್ ವೇಗಸ್‌ಗೆ ಹೋಗಿತ್ತು. ಉಳಿದಿದ್ದು ಇದೊಂದೇ.

ಈಗ ನಾವು ಆ ಅಭಿಮಾನಿ ಜಾಗದಲ್ಲಿ ನಿಂತು ಯೋಚಿಸೋಣ. ಸಿಟ್ಟು ಬಂದಿದೆ. ಏನ್ ಮಾಡ್ತೀರಿ? ಟಿಕೆಟ್ ಕೊಳ್ಳಲ್ಲ, ಹೋಗಲ್ಲ. ಗಿರಾಕಿ ಕೈಯಲ್ಲಿರೋ ಅಸ್ತ್ರ ಅದೊಂದೇ ಅಂತ ಕಾಮರ್ಸ್ ಕ್ಲಾಸಲ್ಲಿ ಹೇಳ್ಕೊಟ್ಟಿದ್ರು. ಹೋಟೆಲಲ್ಲಿ ಸಾಂಬಾರ್ ಹಳಸಿದ್ರೆ ಪಕ್ಕದ ಹೋಟೆಲಿಗೆ ಹೋಗ್ತೀವಿ, ಮೊದಲನೆಯವನಿಗೆ ನಷ್ಟ ಆಗಿ ಬುದ್ಧಿ ಬರುತ್ತೆ. ಓಕ್ಲೆಂಡ್ ಜನಾನೂ ಅದನ್ನೇ ಮಾಡಿದ್ರು. 2022ರಲ್ಲಿ ಇಡೀ ಸೀಸನ್‌ಗೆ ಬಂದವರು 7,87,902 ಜನ. ಅಂದ್ರೆ ಪಂದ್ಯಕ್ಕೆ ಹತ್ತು ಸಾವಿರಕ್ಕೂ ಕಡಿಮೆ, ಲೀಗ್‌ನಲ್ಲೇ ಕೊನೆ.

ಆದ್ರೆ ಇಲ್ಲಿ ಆ ಪಾಠ ತಲೆಕೆಳಗಾಯ್ತು. ನೀವು ಹೋಗದಿದ್ರೆ ಓನರ್‌ಗೆ ಬಗ್ಗೋಷ್ಟು ನಷ್ಟ ಆಗಲ್ಲ. ಬದಲಿಗೆ ಒಂದು ಫೋಟೋ ಸಿಗುತ್ತೆ: ಖಾಲಿ ಸ್ಟೇಡಿಯಂ ಫೋಟೋ. "ನೋಡಿ ಸ್ವಾಮಿ, ಈ ಊರಿಗೆ ಬೇಸ್‌ಬಾಲ್ ಬೇಡ್ವಂತೆ." ಹೋದ್ರೆ ಅವರ ಜೇಬಿಗೆ ದುಡ್ಡು, ಹೋಗದಿದ್ರೆ ಅವರ ಕೈಗೆ ಸಾಕ್ಷಿ. ಅತ್ತ ದರಿ, ಇತ್ತ ಪುಲಿ.

ಆಗ ಅಲ್ಲಿನ ಅಭಿಮಾನಿಗಳಿಗೆ ಒಂದು ಐಡಿಯಾ ಹೊಳೀತು. ಉಲ್ಟಾ ಬಹಿಷ್ಕಾರ. ಒಂದು ದಿನ ಫಿಕ್ಸ್ ಮಾಡಿ ಎಲ್ಲರೂ ಹೋಗಿ ಸ್ಟೇಡಿಯಂ ತುಂಬಿಸೋದು. 2023ರ ಜೂನ್ 13, ಮಂಗಳವಾರ. ಅಷ್ಟೊತ್ತಿಗೆ ಟೀಮ್ 18 ಗೆದ್ದು 50 ಸೋತಿತ್ತು. ಎದುರಾಳಿ ಟ್ಯಾಂಪಾ ಬೇ ರೇಸ್, ಆಗ ಲೀಗ್‌ನಲ್ಲೇ ಮುಂದಿದ್ದ ಟೀಮ್. ಬೇರೆ ಮಂಗಳವಾರ ಆಗಿದ್ರೆ ಕೆಲವೇ ಸಾವಿರ ಜನ. ಅವತ್ತು ಬಂದಿದ್ದು 27,759. ಅಭಿಮಾನಿಗಳೇ ಚಂದಾ ಎತ್ತಿ ಸಾವಿರಾರು ಹಸಿರು ಟೀ ಶರ್ಟ್ ಹಂಚಿದ್ರು, ಎದೆ ಮೇಲೆ ಒಂದೇ ಪದ: 'ಸೆಲ್'. ಮಾರು, ಬಿಟ್ಟು ಹೋಗು ಅಂತ. ಐದನೇ ಇನ್ನಿಂಗ್ ಶುರುವಾದಾಗ ಸ್ವಲ್ಪ ಹೊತ್ತು ಇಡೀ ಸ್ಟೇಡಿಯಂ ಮೌನ. ಆಮೇಲೆ ಎಲ್ಲರೂ ಎದ್ದು ನಿಂತು "ಸೆಲ್ ದ ಟೀಮ್" ಅಂತ ಕೂಗು. ಮೈದಾನದಲ್ಲಿ ಆಡ್ತಿದ್ದ ಹುಡುಗರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಮಜಾ ಅಂದ್ರೆ, ಅವತ್ತು ಅವರು 2-1ರಲ್ಲಿ ಗೆದ್ದೇಬಿಟ್ರು, ಸತತ ಏಳನೇ ಗೆಲುವು!

ಸಿನಿಮಾ ಆಗಿದ್ರೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಅದೇ ಜೂನ್ 13ಕ್ಕೆ ನೆವಾಡ ರಾಜ್ಯದ ಸೆನೆಟ್, ಲಾಸ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ದುಡ್ಡು ಕೊಡೋ ಮಸೂದೆ ಪಾಸ್ ಮಾಡ್ತು. ಎರಡು ದಿನದಲ್ಲಿ ಗವರ್ನರ್ ಸಹಿನೂ ಆಯ್ತು. ಲೀಗ್ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಈ ಜನಸಾಗರದ ಬಗ್ಗೆ ಕೇಳಿದ್ರೆ, ಒಂದು ರಾತ್ರಿ ಮಟ್ಟಿಗೆ ಹೆಚ್ಚುಕಮ್ಮಿ ಲೀಗ್‌ನ ಸರಾಸರಿಯಷ್ಟು ಜನ ಬಂದಿದ್ದು ಖುಷಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಆ ವ್ಯಂಗ್ಯ ಓಕ್ಲೆಂಡ್ ಜನ ಇನ್ನೂ ಮರೆತಿಲ್ಲ. ನವೆಂಬರ್‌ನಲ್ಲಿ 30 ಟೀಮ್‌ಗಳ ಓನರ್‌ಗಳ ಮತದಾನ ಆಯ್ತು. ಹೋಗ್ಲಿ ಅಂದವರು 30, ಬೇಡ ಅಂದವರು ಸೊನ್ನೆ.

ಆ ಕೊನೇ ಪಂದ್ಯಕ್ಕೆ ಬಂದವರು 46,889 ಜನ, ಸ್ಟೇಡಿಯಂ ಫುಲ್. "ಈ ಊರಿಗೆ ಬೇಸ್‌ಬಾಲ್ ಬೇಡ" ಅನ್ನೋ ವಾದಕ್ಕೆ ಉತ್ತರ ಅಲ್ಲಿ ಕೂತಿತ್ತು, ತಡವಾಗಿ. 3-2ರಲ್ಲಿ ಗೆದ್ದ ಮೇಲೂ ಜನ ಏಳ್ಲಿಲ್ಲ. ಟೀಮಿನ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಧನ್ಯವಾದ ಹೇಳಿ, ಕೊನೇ ಸಲ ಊರಿನ ಹೆಸರು ಕೂಗಿಸಿದ್ರು.

ಈಗ ಟೀಮ್ ಎಲ್ಲಿದೆ? 2025ರಿಂದ ಸ್ಯಾಕ್ರಮೆಂಟೋ ಪಕ್ಕ, ಸುಮಾರು 14 ಸಾವಿರ ಜನ ಹಿಡಿಸೋ ಸಣ್ಣ ಲೀಗಿನ ಮೈದಾನದಲ್ಲಿ. ಲಾಸ್ ವೇಗಸ್ ಸ್ಟೇಡಿಯಂ ಗುರಿ 2028. ಅಲ್ಲಿವರೆಗೆ ಹೆಸರಿನ ಹಿಂದೆ ಯಾವ ಊರೂ ಇಲ್ಲ, ಬರೀ 'ಅಥ್ಲೆಟಿಕ್ಸ್'.

ಸೋಲೋ ಟೀಮನ್ನ ಪ್ರೀತಿಸೋದು ನಮಗೇನೂ ಹೊಸದಲ್ಲ. 17 ಸೀಸನ್ "ಈ ಸಲ ಕಪ್ ನಮ್ದೇ" ಅಂತ ಹೇಳ್ಕೊಂಡು, ಹದಿನೆಂಟನೇದರಲ್ಲಿ, 2025ರ ಜೂನ್ 3ಕ್ಕೆ, ಕಪ್ ನೋಡಿದವರು ನಾವು. ಅಷ್ಟು ವರ್ಷ ಯಾಕೆ ಬಿಡ್ಲಿಲ್ಲ? ಗೆಲ್ಲೋಕೆ ನೋಡ್ತಿದಾರೆ ಅನ್ನೋ ನಂಬಿಕೆ ಇತ್ತು. ಸೋಲನ್ನ ಅಭಿಮಾನಿ ಕ್ಷಮಿಸ್ತಾನೆ. ಗೆಲ್ಲೋ ಉದ್ದೇಶಾನೇ ಇಲ್ಲ ಅಂತ ಗೊತ್ತಾದಾಗ ಕ್ಷಮಿಸೋಕೆ ಆಗಲ್ಲ. ಓಕ್ಲೆಂಡ್ ಸಿಟ್ಟು ಅದು.

ಅಕೌಂಟ್ಸ್‌ನಲ್ಲಿ 'ಗುಡ್‌ವಿಲ್' ಅಂತ ಒಂದು ಆಸ್ತಿ ಬರುತ್ತೆ, ನೆನಪಿದ್ಯಾ? ಕಣ್ಣಿಗೆ ಕಾಣಲ್ಲ, ಮುಟ್ಟೋಕಾಗಲ್ಲ, ಆದ್ರೆ ವ್ಯಾಪಾರ ಮಾರುವಾಗ ಅದಕ್ಕೂ ಬೆಲೆ ಕಟ್ತಾರೆ. 118 ಕೋಟಿ ಡಾಲರ್‌ನಲ್ಲಿ ಒಂದು ಪಾಲು ಐವತ್ತೈದು ವರ್ಷ ಸ್ಟ್ಯಾಂಡಲ್ಲಿ ಡ್ರಮ್ ಬಾರಿಸಿದ ಜನ ಕಟ್ಟಿದ್ದು. ಆದ್ರೆ ಲೆಡ್ಜರ್‌ನಲ್ಲಿ ಅವರ ಹೆಸರಿಲ್ಲ.

ಅದನ್ನ ಸರಿ ಮಾಡೋಕೆ ಓಕ್ಲೆಂಡ್‌ನಲ್ಲೇ ಒಂದು ಪುಟ್ಟ ಪ್ರಯತ್ನ ನಡೀತಿದೆ. 2024ರಿಂದ ಓಕ್ಲೆಂಡ್ ಬಾಲರ್ಸ್ ಅನ್ನೋ ಹೊಸ ಟೀಮ್, ಪಯೋನಿಯರ್ ಲೀಗ್ ಅನ್ನೋ ಸಣ್ಣ ಲೀಗ್‌ನಲ್ಲಿ, ಊರಿನ ರೈಮಾಂಡಿ ಪಾರ್ಕ್‌ನಲ್ಲಿ ಆಡ್ತಿದೆ. ಅಭಿಮಾನಿಗಳಿಗೇ ಸಣ್ಣಸಣ್ಣ ಷೇರು ಮಾರಿದಾರೆ. 2025ರಲ್ಲಿ ತಮ್ಮ ಲೀಗ್ ಕಪ್ಪೂ ಗೆದ್ದರು. ಮೇಜರ್ ಲೀಗ್‌ಗೆ ಇದು ಸಮ ಅಲ್ಲ. ಆದ್ರೆ ಈ ಸಲ ಲೆಡ್ಜರ್‌ನಲ್ಲಿ ಅವರ ಹೆಸರಿದೆ.

ಮುಂದಿನ ಸಲ ನಿಮಗಿಷ್ಟವಾದ ಟೀಮ್ ಮೇಲೆ, ಆ್ಯಪ್ ಮೇಲೆ, ಯಾವುದರ ಮೇಲಾದ್ರೂ ಸಿಟ್ಟು ಬಂದು "ಬಾಯ್ಕಾಟ್" ಅಂತ ಟೈಪ್ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ: ನಾನು ಹೋಗದಿದ್ರೆ ಇವರಿಗೆ ನಿಜವಾಗ್ಲೂ ನಷ್ಟ ಆಗುತ್ತಾ? ಇವರ ದುಡ್ಡು ಎಲ್ಲಿಂದ ಬರ್ತಿದೆ? ಉತ್ತರ ಸಿಕ್ಕ ಮೇಲೆ ಸಿಟ್ಟನ್ನ ಎಲ್ಲಿಗೆ ಕಳಿಸ್ಬೇಕು ಅಂತ ಗೊತ್ತಾಗುತ್ತೆ.

ಇಷ್ಟ ಆದ್ರೆ ನಿಮ್ಮ ಕ್ರಿಕೆಟ್ ಗ್ರೂಪಿಗೆ ಫಾರ್ವರ್ಡ್ ಮಾಡಿ. ಬೇ ಏರಿಯಾದಲ್ಲಿ ಕೂತು ಕೇಳ್ತಿರೋರು ಇದ್ರೆ, ಕಲೀಸಿಯಂಗೆ ಹೋಗಿದ್ದ ನೆನಪು ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಅಲ್ಲಿವರೆಗೆ ಆರಾಮಾಗಿರಿ, ನಮಸ್ಕಾರ.